ಇವತ್ತಿನ ಮಟ್ಟಿಗೆ ಹೀಗುಂಟು

"ಹೇಗಿದ್ದೀರಿ ಪೊರ್ಬುಲೆ?" ಎಂದು ಕೇಳಿದರೆ ಅವರು "ಇವತ್ತಿನ ಮಟ್ಟಿಗೆ ಅಡ್ಡಿಯಿಲ್ಲ" ಎನ್ನುತ್ತಿದ್ದರು. ಊಟ ಆಯಿತೇ ಎಂದರೆ "ಮಧ್ಯಾಹ್ನದ್ದು ಆಯ್ತು." ಮಗಳು ಚೆನ್ನಾಗಿದ್ದಾಳೆಯೇ ಎಂದರೆ "ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಚೆನ್ನಾಗಿದ್ದಳು." ಯಾವ ಮಾತನ್ನೂ ಅದರ ಅವಧಿ ಮೀರಿ ಎಳೆಯುವ ಅಭ್ಯಾಸ ಅವರಿಗಿರಲಿಲ್ಲ. ಜೀವಮಾನವಿಡೀ ಸರಕಾರದ ಸುತ್ತೋಲೆ ಓದಿದವರಿಗೆ ಹೀಗಾಗುತ್ತದೋ ಏನೋ. ನಮ್ಮಂಥ ಸಣ್ಣಪುಟ್ಟ ಮಾಲಕರಿಗೆ ಅವುಗಳನ್ನು ಓದುವ ತಾಳ್ಮೆ ಇಲ್ಲ. ಹಾಗಾಗಿ ನಮ್ಮ ಪರವಾಗಿ ಓದಿ, ಕೆಲಸದವರಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡದಿದ್ದರೂ ನಡೆಯುತ್ತದೆ ಎಂದು ತಿಳಿಸುವುದು ಅವರ ಉದ್ಯೋಗವಾಗಿತ್ತು.

ಪೊರ್ಬು ಎನ್ನುವುದು ಅವರ ಹೆಸರಲ್ಲ. ತುಳು ಮಾತಾಡುವ ನಾವು ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಕರೆಯುವುದೇ ಹಾಗೆ. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಬದುಕಿದ್ದಾಗ ಆ ಹೆಸರನ್ನು ಊರಿಡೀ ಹೇಳಿಕೊಂಡು ತಿರುಗಿ ಕೆಡಿಸಿದವನು ನಾನೇ. ಇನ್ನೊಮ್ಮೆ ಅದಕ್ಕೆ ಕೈ ಹಾಕುವುದು ಬೇಡ ಅನಿಸುತ್ತದೆ.

ನನ್ನದು ಬಲ್ಮಠದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ಶಾಲೆಯ ಡೈರಿ, ದೇವಸ್ಥಾನದ ರಶೀದಿ ಪುಸ್ತಕ, ಇಗರ್ಜಿಯ ಬುಲೆಟಿನ್, ಯಕ್ಷಗಾನದ ಕರಪತ್ರ. ಎಲ್ಲ ದೇವರೂ ನಮ್ಮ ಗಿರಾಕಿಗಳು. ತಂದೆ ಮಾಡಿಟ್ಟದ್ದು, ನಾನು ಒಂದು ಹೊಸ ಮೆಷಿನ್ ಹಾಕಿ, ಬೋರ್ಡನ್ನು ದೊಡ್ಡದು ಮಾಡಿದೆ. ಕೆಲಸಕ್ಕೆ ಇಪ್ಪತ್ತೆರಡು ಜನ. ಇಪ್ಪತ್ತು ದಾಟಿದರೆ ಪಿಎಫ್ ಮಾಡಿಸಬೇಕು ಎಂಬುದು ಗೊತ್ತಾದದ್ದೇ ಇಲಾಖೆಯ ನೋಟೀಸು ಬಂದ ಮೇಲೆ. ಆ ನೋಟೀಸು ಹಿಡಿದುಕೊಂಡು ಮೊದಲ ಸಲ ಅವರಲ್ಲಿಗೆ ಹೋದೆ.

ಫಳ್ನೀರಿನ ಒಂದು ಓಣಿಯಲ್ಲಿ, ನರ್ಸಿಂಗ್ ಹೋಮ್ ಒಂದರ ಹಿಂದೆ ಅವರ ಮನೆ. ಎದುರಿನ ಕೋಣೆಯೇ ಆಫೀಸು. ಗೋಡೆಯಲ್ಲಿ ಏಸುವಿನ ಪಟ, ಅದರ ಕೆಳಗೆ ಎರಡು ಕಪಾಟು, ಕಪಾಟಿನಲ್ಲಿ ಬಿಳಿ ಟೇಪು ಕಟ್ಟಿದ ಫೈಲುಗಳು. ಮೇಜಿನ ಮೇಲೆ ಒಂದು ಡಬ್ಬಿಯ ತುಂಬ ಚೂಪು ಮಾಡಿಟ್ಟ ಪೆನ್ಸಿಲುಗಳು, ಜೇಬಿನಲ್ಲಿ ಒಂದು ಶಾಯಿ ಪೆನ್ನು. ನೋಟೀಸನ್ನು ಅವರು ಕೊನೆಯ ಸಾಲಿನಿಂದ ಓದಲು ಶುರು ಮಾಡಿದರು. ಸರಕಾರ ಮೇಲಿನ ಸಾಲಿನಲ್ಲಿ ಮಾತಾಡುತ್ತದೆ, ಕೊನೆಯ ಸಾಲಿನಲ್ಲಿ ಕೆಲಸ ಮಾಡುತ್ತದೆ ಎಂದು ಆಮೇಲೆ ಒಮ್ಮೆ ಹೇಳಿದ್ದರು.

"ಎಷ್ಟು ಜನ ಇದ್ದಾರೆ ಬಂಗೇರ್ರೆ?"

"ಇಪ್ಪತ್ತೆರಡು."

"ಹೆಸರು ಹೇಳಿ."

ಪೆನ್ನು ತೆಗೆದು ಕಾಯುತ್ತಾ ಕುಳಿತರು. ನಾನು ಶುರು ಮಾಡಿದೆ. ಮೆಷಿನಿನವರು, ಕಟಿಂಗಿನವರು, ಕಂಪ್ಯೂಟರಿನವರು ಸಲೀಸಾಗಿ ಬಂದರು. ಬೈಂಡಿಂಗಿನ ಹೆಂಗಸರ ಹತ್ತಿರ ಬಂದಾಗ ತಡವರಿಸಿದೆ. ಹದಿನೇಳಕ್ಕೆ ನಿಂತಿತು. ಅವರು ಅವಸರ ಮಾಡಲಿಲ್ಲ. ಒಳಗಿನಿಂದ ಬಂದ ಚಹಾ ಆರುವವರೆಗೆ ಕಾದರು.

"ಉಳಿದ ಐದು ಜನಕ್ಕೆ ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿದರು. ಕೊಂಕು ಮಾತಲ್ಲ, ನಿಜವಾಗಿ ಮಾಹಿತಿಗಾಗಿ ಕೇಳಿದ ಹಾಗೆ ಇತ್ತು. ನಾನು ಪ್ರೆಸ್ಸಿಗೆ ಫೋನ್ ಮಾಡಿ ಹೆಸರುಗಳನ್ನು ಕೇಳಿ ಹೇಳಬೇಕಾಯಿತು.

ಅವತ್ತು ಗಮನಿಸಿದೆ. ಕೆಲಸದವರ ಹೆಸರುಗಳನ್ನು ಅವರು ಪೆನ್ನಿನಲ್ಲಿ ಬರೆದರು; ಅದರ ಎದುರು ಕಟ್ಟಬೇಕಾದ ದರ, ನಿಯಮದ ಸಂಖ್ಯೆ ಇವನ್ನೆಲ್ಲ ಪೆನ್ಸಿಲಿನಲ್ಲಿ. ಯಾಕೆ ಎಂದು ಕೇಳಿದ್ದಕ್ಕೆ, "ರೂಲ್ ಬದಲಾಗ್ತದೆ ಮಾರಾಯ್ರೆ, ಉಜ್ಜಲಿಕ್ಕೆ ಬೇಕಲ್ಲ. ಮನುಷ್ಯರನ್ನು ಉಜ್ಜಲಿಕ್ಕಿಲ್ಲ" ಎಂದರು. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ತುಳುವಿನಲ್ಲಿ. ಆದರೆ ಕಾನೂನು ಬಂದ ಕೂಡಲೇ ಅವರು ಕನ್ನಡಕ್ಕೆ ಹೊರಳುತ್ತಿದ್ದರು. ಸರಕಾರದ ವಿಷಯವನ್ನು ಸರಕಾರದ ಭಾಷೆಯಲ್ಲೇ ಹೇಳಬೇಕು, ಇಲ್ಲದಿದ್ದರೆ ಅದು ಮನೆಯ ವಿಷಯದ ಹಾಗೆ ಕೇಳಿಸುತ್ತದೆ ಎಂಬುದು ಅವರ ವಾದ.

ಇನ್ನೊಂದು ಅಭ್ಯಾಸವಿತ್ತು. ಯಾವ ಆದೇಶ ಬಂದರೂ ಅದರ ಮೇಲಿನ ಬಲಮೂಲೆಯಲ್ಲಿ, ತಮ್ಮ ಕೈಗೆ ಸಿಕ್ಕ ದಿನ ಮತ್ತು ಗಂಟೆಯನ್ನು ಬರೆದಿಡುವುದು. "ಆದೇಶಕ್ಕೂ ಜಾತಕ ಉಂಟು. ಹುಟ್ಟಿದ ಗಳಿಗೆ ಗೊತ್ತಿಲ್ಲದಿದ್ರೆ ಫಲ ಹೇಳ್ಲಿಕ್ಕಾಗುದಿಲ್ಲ" ಎನ್ನುತ್ತಿದ್ದರು. ಹಾಗಾಗಿ ಅವರನ್ನು ಏನಾದರೂ ಕೇಳಿದರೆ ಉತ್ತರಕ್ಕೂ ಗಂಟೆ ಇರುತ್ತಿತ್ತು. ಮೊದಲು ಉತ್ತರ, ಆಮೇಲೆ ಗೋಡೆ ಗಡಿಯಾರದ ಕಡೆಗೊಂದು ನೋಟ, ಕೊನೆಗೆ "ಇವತ್ತಿನ ಮಟ್ಟಿಗೆ ಹೀಗುಂಟು." ಎಷ್ಟೋ ಸಲ ನಾವು ಮಾಲಕರು ಅದನ್ನು ಅಣಕಿಸಿ ನಕ್ಕದ್ದುಂಟು. ಇಲಾಖೆಯ ಆಫೀಸಿಗೆ ಅವರು ಹೋದರೆ ಅಲ್ಲಿಯವರೇ "ಪೊರ್ಬುಲೆ, ಹೊಸತು ಎಂತ ಬಂದಿದೆ?" ಎಂದು ಕೇಳುತ್ತಿದ್ದರಂತೆ. ಇದನ್ನು ಅವರು ಹೆಮ್ಮೆಯಿಂದ ಹೇಳಿದ್ದಲ್ಲ, ಬೇಸರದಿಂದ.

ಕಾರ್ಮಿಕ ಕಾನೂನುಗಳನ್ನೆಲ್ಲ ಸೇರಿಸಿ ನಾಲ್ಕು ಸಂಹಿತೆ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಅವರು ನಾಲ್ಕು ಹೊಸ ಫೈಲು ತಂದು ಖಾಲಿ ಇಟ್ಟುಕೊಂಡರು. ಸಂಹಿತೆಗಳು ಪಾಸಾದರೂ ಜಾರಿಗೆ ಬರಲಿಲ್ಲ. ವರ್ಷಗಟ್ಟಲೆ ಫೈಲುಗಳು ಖಾಲಿಯೇ ಇದ್ದವು. "ನಿಶ್ಚಿತಾರ್ಥ ಆಗಿದೆ, ಹುಡುಗಿ ಮನೆಗೆ ಬರ್ಲಿಲ್ಲ" ಎಂದು ದಿನಾ ಅವುಗಳ ಧೂಳು ಒರೆಸುತ್ತಿದ್ದರು.

ಅವರು ತಮ್ಮ ವಿಷಯ ಹೇಳಿಕೊಂಡದ್ದು ಬಹಳ ಕಡಿಮೆ. ಒಮ್ಮೆ ಮಾತ್ರ, ಯಾವುದೋ ವಿವರ ಕೇಳಲು ಹೋದಾಗ, ಹಂಚಿನ ಕಾರ್ಖಾನೆಯ ಕತೆ ಹೇಳಿದರು. ಯೌವನದಲ್ಲಿ ಅವರು ಒಂದು ಹಂಚಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರಂತೆ. ಹಂಚು ಸುಡುವ ಗೂಡು ಕೆಟ್ಟು ಹಲವು ವಾರ ಕೆಲಸ ನಿಂತಿತು. ಅದಕ್ಕೆ ಲೇ-ಆಫ್ ಎನ್ನುತ್ತಾರೆ. ಕೆಲಸವಿಲ್ಲದ ದಿನಕ್ಕೂ ಅರ್ಧ ಸಂಬಳ ಉಂಟು, ಆದರೆ ಒಂದು ಶರತ್ತು. ಕೆಲಸ ಇಲ್ಲದಿದ್ದರೂ ದಿನಾ ಬೆಳಿಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು ಹಾಜರಿ ಹಾಕಿ ಹಿಂದೆ ಹೋಗಬೇಕು. ಮಣ್ಣು ಹೊರುವ ಹೆಂಗಸರು ಹಾಗೆ ದಿನಾ ಬರುತ್ತಿದ್ದರು, ಕೆಲಸ ಇಲ್ಲ ಎಂದು ಕೇಳಿಸಿಕೊಳ್ಳುವುದಕ್ಕೆ. ಒಬ್ಬಾಕೆ ವಾಮಂಜೂರಿನಿಂದ ನಡೆದುಕೊಂಡು ಬರುತ್ತಿದ್ದಳು. ಒಂದು ದಿನ ಹತ್ತು ನಿಮಿಷ ತಡವಾಯಿತು. ಅಷ್ಟರಲ್ಲಿ ಇವರು ಹಾಜರಿ ಪುಸ್ತಕ ಮುಚ್ಚಿಯಾಗಿತ್ತು.

"ಮತ್ತೆ?" ಎಂದೆ.

"ಮತ್ತೆ ಎಂತ? ರೂಲ್ ಸರಿ ಇತ್ತು. ನಾನೂ ಸರಿ ಇದ್ದೆ."

"ಆ ಹೆಂಗಸು?"

"ನಡೆದುಕೊಂಡೇ ವಾಪಸು ಹೋದಳು" ಎಂದು ಹೇಳಿ ಅವರು ಪೆನ್ಸಿಲ್ ಚೂಪು ಮಾಡತೊಡಗಿದರು. ಆಗಲೇ ಚೂಪಾಗಿದ್ದ ಪೆನ್ಸಿಲು ಅದು. ನಿಮ್ಮ ಪ್ರೆಸ್ಸಿಗೆ ಆ ಲೇ-ಆಫ್ ನಿಯಮ ಅನ್ವಯಿಸುವುದಿಲ್ಲ, ಅದಕ್ಕೆ ಐವತ್ತು ಜನ ಬೇಕು ಎಂದು ಆಮೇಲೆ ನೆನಪು ಮಾಡಿ ಹೇಳಿದರು. "ಇಪ್ಪತ್ತೆರಡು ಜನಕ್ಕೆ ಕಾನೂನಿನಲ್ಲಿ ಹಸಿವೆ ಇಲ್ಲ ಬಂಗೇರ್ರೆ. ಐವತ್ತರ ಮೇಲೆ ಅರ್ಧ ಹೊಟ್ಟೆ ಹಸಿವೆ ಉಂಟು." ನನಗೆ ಅದು ಸಮಾಧಾನದ ಮಾತಾಗಿ ಕೇಳಿಸಿತು. ಖುಷಿಯಿಂದ ಮನೆಗೆ ಹೋದೆ.

ಆಮೇಲೆ ಕೊರೋನಾ ಬಂತು. ದೇಶವೇ ಬಾಗಿಲು ಹಾಕಿಕೊಂಡಿತು, ನನ್ನ ಪ್ರೆಸ್ಸೂ ಹಾಕಿಕೊಂಡಿತು. ಮದುವೆಗಳೇ ಇಲ್ಲ ಎಂದ ಮೇಲೆ ಮದುವೆ ಕಾಗದ ಎಲ್ಲಿಂದ? ಜಾತ್ರೆ ಇಲ್ಲ, ಶಾಲೆ ಇಲ್ಲ, ಯಕ್ಷಗಾನದ ಆಟ ಇಲ್ಲ, ಪೂಜೆ ಇಲ್ಲ. ಎಲ್ಲ ದೇವರೂ ಗಿರಾಕಿಗಳಾಗಿದ್ದರೆ ಆಗುವ ತೊಂದರೆ ಇದೇ, ಎಲ್ಲರೂ ಒಟ್ಟಿಗೇ ಕೈಬಿಡುತ್ತಾರೆ. ಅಷ್ಟರಲ್ಲಿ ಕೇಂದ್ರ ಸರಕಾರದ ಆದೇಶ ಬಂತು. ಬಾಗಿಲು ಹಾಕಿದ ದಿನಗಳಿಗೂ ಮಾಲಕರು ಕೆಲಸದವರಿಗೆ ಪೂರ್ತಿ ಸಂಬಳ ಕೊಡಬೇಕು, ಒಂದು ಪೈಸೆ ಹಿಡಿಯಕೂಡದು.

ನಾನು ಜಿಪುಣನಲ್ಲ. ಹಾಗೆಂದು ನನ್ನ ಹೆಂಡತಿ ಹೇಳುವುದಿಲ್ಲ, ನಾನೇ ಹೇಳಿಕೊಳ್ಳುವುದು. ಆದರೆ ಆ ಎರಡು ತಿಂಗಳು ದಿನಕ್ಕೊಮ್ಮೆಯಾದರೂ ಪೊರ್ಬುಲಿಗೆ ಫೋನ್ ಮಾಡಿದ್ದೇನೆ, ಎಲ್ಲಾದರೂ ಒಂದು ಸಂದು ಸಿಗುತ್ತದೋ ಎಂದು. ಊರಿನ ಮಾಲಕರೆಲ್ಲ ಮಾಡುತ್ತಿದ್ದದ್ದು ಇದನ್ನೇ. ಹೊರಗೆ ಹೋಗುವ ಹಾಗಿಲ್ಲ, ಮನೆಯಲ್ಲಿ ಕೂತು ಅವರಿಗೆ ಫೋನ್ ಹಚ್ಚುವುದು. ಆ ದಿನಗಳಲ್ಲಿ ನಿಯಮಗಳು ಬೆಳಿಗ್ಗೆ ಒಂದು, ಸಂಜೆ ಒಂದು ಬರುತ್ತಿದ್ದವು. ಇಂಥ ಅಂಗಡಿ ತೆರೆಯಬಹುದು, ತೆರೆಯಬಾರದು. ಮೂರನೇ ಒಂದು ಪಾಲು ಜನ ಬರಬಹುದು, ಬಸ್ಸು ಇಲ್ಲದ ಕಾರಣ ಬರಲಾಗದು. ಪಿಎಫ್ ಹನ್ನೆರಡು ಇದ್ದದ್ದು ಹತ್ತಾಯಿತು, ಅದೂ ಮೂರು ತಿಂಗಳಿಗೆ ಮಾತ್ರ. ಕೆಲವರ ಪಾಲನ್ನು ಸರಕಾರವೇ ಕಟ್ಟುತ್ತದೆ, ಆದರೆ ಯಾರ ಪಾಲನ್ನು ಎಂಬುದಕ್ಕೆ ಎರಡು ಪುಟದ ವಿವರಣೆ, ಆ ವಿವರಣೆಗೊಂದು ಸ್ಪಷ್ಟೀಕರಣ.

ಅವರು ಎಲ್ಲವನ್ನೂ ಓದಿ, ಗಂಟೆ ಬರೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಉಜ್ಜಿ, ಮತ್ತೆ ಗುರುತು ಹಾಕುತ್ತಿದ್ದರು. ಮಗಳು ಪಕ್ಕದ ಆಸ್ಪತ್ರೆಯಲ್ಲಿ ನರ್ಸು; ತಂದೆಗೆ ಸೋಂಕು ತಾಗಬಾರದೆಂದು ಹಾಸ್ಟೆಲಿನಲ್ಲೇ ಉಳಿದಿದ್ದಳು. ಹೆಂಡತಿ ತೀರಿ ವರ್ಷಗಳಾಗಿದ್ದವು. ಎಪ್ಪತ್ತರ ಹತ್ತಿರದ ಮನುಷ್ಯ ಒಬ್ಬರೇ ಗಂಜಿ ಬೇಯಿಸಿಕೊಂಡು, ನಮ್ಮೆಲ್ಲರ ಫೋನು ಎತ್ತಿಕೊಂಡು ಇದ್ದರು ಎಂಬುದು ನನಗೆ ಗೊತ್ತಿತ್ತು. ಒಂದು ಸಲವೂ ಊಟಕ್ಕೇನು ಮಾಡುತ್ತೀರಿ ಎಂದು ಕೇಳಿದ ನೆನಪಿಲ್ಲ.

"ಇವತ್ತು ಎಂತ ಪೊರ್ಬುಲೆ? ಪೂರ್ತಿ ಕೊಡ್ಲೇಬೇಕಾ?"

"ಕೊಡ್ಲೇಬೇಕು. ಇವತ್ತಿನ ಮಟ್ಟಿಗೆ ಹೀಗುಂಟು."

ಏಪ್ರಿಲಿನ ಸಂಬಳವನ್ನು ಹಲ್ಲು ಕಚ್ಚಿಕೊಂಡು ಕೊಟ್ಟೆ. ಮೇ ಅರ್ಧ ಕಳೆಯಿತು. ಲಾಕ್‌ಡೌನ್ ಸಡಿಲವಾಗುತ್ತದೆ, ಸಂಬಳದ ಆದೇಶವೂ ಸಡಿಲವಾಗಬಹುದು ಎಂದು ಗಾಳಿಸುದ್ದಿ ಇತ್ತು. ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಬಾಗಿಲು ಇನ್ನೂ ತೆರೆದಿಲ್ಲ, ತೆರೆದರೂ ಕೆಲಸ ಇಲ್ಲ, ಈ ಎರಡು ವಾರಕ್ಕೆ ಸಂಬಳ ಹಿಡಿದರೆ ಆಗುತ್ತದಾ ಎಂದು ಕೇಳಿದೆ.

ಆಚೆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು.

"ಹಿಡಿಯುವ ಹಾಗಿಲ್ಲ ಬಂಗೇರ್ರೆ. ತಿಂಗಳ ಕೊನೆವರೆಗೆ ಪೂರ್ತಿ."

"ಪೂರ್ತಿಯಾ?"

"ಪೂರ್ತಿ" ಎಂದರು. ಫೋನ್ ಇಟ್ಟರು. ಅವರ ಮಾಮೂಲಿ ಬಾಲ ಆ ಉತ್ತರಕ್ಕೆ ಇರಲಿಲ್ಲ. ನಾನು ಗಮನಿಸಲಿಲ್ಲ, ಮನಸ್ಸಿನಲ್ಲೇ ಸರಕಾರಕ್ಕೆ ಬೈಯುತ್ತಾ ಇದ್ದೆ.

ತಿಂಗಳ ಕೊನೆಗೆ ಇಪ್ಪತ್ತೆರಡು ಜನಕ್ಕೂ ಪೂರ್ತಿ ಸಂಬಳ ಹೋಯಿತು. ಜೂನ್ ಮೊದಲ ವಾರ ಕಪಾಟು ಮಾಡುವ ಸುಧಾಕರ ಸಿಕ್ಕಿದ. ಅವನದ್ದೂ ನಮ್ಮಂಥದ್ದೇ ಸಣ್ಣ ವರ್ಕ್‌ಶಾಪು, ಅವನೂ ಪೊರ್ಬುಲ ಗಿರಾಕಿ. ಮಾಸ್ಕಿನೊಳಗಿನಿಂದಲೇ ನಕ್ಕ.

"ನೀವು ಮೇಯಲ್ಲಿ ಪೂರ್ತಿ ಕೊಟ್ಟದ್ದಾ? ಎಂತ ಮಾರಾಯ್ರೆ, ಆ ಆರ್ಡರ್ ತಿಂಗಳ ಮಧ್ಯಕ್ಕೇ ಹೋಯ್ತಲ್ಲ. ಟಿವಿಯಲ್ಲೇ ಬಂದಿದೆ."

ನನ್ನ ಮೈ ಉರಿದುಹೋಯಿತು. ನೇರ ಫಳ್ನೀರಿಗೆ ಹೋದೆ. ಮೆಟ್ಟಿಲಲ್ಲಿ ನಿಂತೇ ಕೂಗಾಡಿದೆ, ಒಳಗೆ ಹೋಗಲಿಲ್ಲ. ಆದೇಶ ಹಿಂದಕ್ಕೆ ಹೋದದ್ದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

"ನೋಡ್ಲಿಲ್ಲ. ತಪ್ಪಿಹೋಯ್ತು ಬಂಗೇರ್ರೆ."

"ನೀವು ನೋಡ್ಲಿಲ್ಲ ಅಂದ್ರೆ ಎಂತ ಅರ್ಥ? ನೋಡುದೇ ನಿಮ್ಮ ಕೆಲಸ ಅಲ್ವಾ? ಅದಕ್ಕೇ ಅಲ್ವಾ ನಾನು ಫೀಸು ಕೊಡುದು?"

"ವಯಸ್ಸಾಯ್ತು" ಎಂದರು. ಅಷ್ಟೇ. ಆ ತಿಂಗಳ ಫೀಸಿನ ಬಿಲ್ಲು ಅವರಿಂದ ಬರಲಿಲ್ಲ. ತಪ್ಪು ಮಾಡಿದವನು ಹೇಗೆ ಕೇಳುತ್ತಾನೆ ಎಂದು ನಾನು ಅಂದುಕೊಂಡೆ.

ನಾನು ಅವರನ್ನು ಬಿಟ್ಟೆ. ಫೋನಿನಲ್ಲೇ ಎಲ್ಲ ಮಾಡಿಕೊಡುವ ಒಬ್ಬ ತರುಣ ಸಿಕ್ಕಿದ. ಅವನಿಗೆ ಪೆನ್ಸಿಲೂ ಬೇಡ, ಪೆನ್ನೂ ಬೇಡ; ನನ್ನ ಕೆಲಸದವರು ಅವನಿಗೆ ಒಂದರಿಂದ ಇಪ್ಪತ್ತೆರಡರ ತನಕದ ಸಂಖ್ಯೆಗಳು. ಬಿಟ್ಟದ್ದು ಮಾತ್ರವಲ್ಲ, ಹೋದಲ್ಲಿ ಬಂದಲ್ಲಿ ಹೇಳಿದೆ. ಪೊರ್ಬುಲಿಗೆ ಈಗ ಆಗುವುದಿಲ್ಲ, ಹೊಸ ಆದೇಶ ಯಾವುದು ಹಳೆಯದು ಯಾವುದು ಎಂಬುದೇ ಗೊತ್ತಿಲ್ಲ, ನನಗೆ ಅರ್ಧ ತಿಂಗಳ ಸಂಬಳದ ಪೆಟ್ಟು ಬಿತ್ತು. ಸುಧಾಕರ ಬಿಟ್ಟ. ಅವನ ಭಾವ ಬಿಟ್ಟ. ಒಂದು ಬೇಕರಿಯವರು, ಒಂದು ಶಾಲೆಯವರು ಬಿಟ್ಟರು. ಅವರಿಗಿದ್ದ ಆಸ್ತಿ ಒಂದೇ, ಯಾವತ್ತೂ ಹಿಂದೆ ಬೀಳದ ಮನುಷ್ಯ ಎಂಬ ಹೆಸರು. ಅದು ವರ್ಷದೊಳಗೆ ಹೋಯಿತು.

ಈಗ ನನ್ನ ಸನ್ಮಾನದ ವಿಷಯ ಹೇಳಬೇಕು. ಜೂನಿನಲ್ಲಿ ಪ್ರೆಸ್ಸು ತೆರೆದಾಗ ನನ್ನ ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೆರಡೂ ಬಂದರು. ಬೇರೆ ಪ್ರೆಸ್ಸುಗಳಲ್ಲಿ ಬೈಂಡಿಂಗಿನವರು ಮೀನು ಮಾರಲು, ಬೀಡಿ ಕಟ್ಟಲು ಹೋಗಿದ್ದರು. ಹಿಂದೆ ಕರೆದರೆ ಬರಲಿಲ್ಲ. ಶಾಲೆಗಳ ಕೆಲಸ ಬಂದಾಗ ಅವೆಲ್ಲ ನನ್ನ ಬಾಗಿಲಿಗೇ ಬಂದವು. ಬೈಂಡಿಂಗಿನ ಹಿರಿಯಾಕೆ, ವಾಮಂಜೂರಿನ ಲಲಿತಕ್ಕ, ಮೊದಲ ದಿನವೇ ಮೇಜಿನ ಹತ್ತಿರ ಬಂದು ನಿಂತರು. ನಾನು ಅವರ ಹೆಸರನ್ನು ಹದಿನೇಳರೊಳಗೆ ಹೇಳಿರಲಿಲ್ಲ.

"ಧಣಿ, ಮೇಯಲ್ಲಿ ಅರ್ಧ ಮಾತ್ರ ಬರ್ತದೆ ಅಂತ ತಿಳ್ಕೊಂಡಿದ್ದೆ. ಅತ್ತೆಯ ಮದ್ದು ನಿಲ್ಲಿಸುದಾ, ಅಕ್ಕಿ ಕಡಿಮೆ ಮಾಡುದಾ ಅಂತ ಲೆಕ್ಕ ಹಾಕಿ ಆಗಿತ್ತು. ನೀವು ಪೂರ್ತಿ ಹಾಕಿದ್ರಿ. ನಿಮ್ಮ ಹೆಸರು ಹೇಳಿ ಊಟ ಮಾಡಿದೆವು."

ನಾನು ಇರಲಿ ಇರಲಿ ಎಂದು ಕೈ ಆಡಿಸಿದೆ. ಆ ಕೈ ಆಡಿಸುವಿಕೆಯನ್ನು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮಾಲಕರ ಸಂಘದವರು, ಕೊರೋನಾ ಕಾಲದಲ್ಲಿ ಕೆಲಸದವರ ಕೈಬಿಡದ ಧಣಿ ಎಂದು ನನಗೆ ಶಾಲು ಹೊದಿಸಿದರು. ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರ. ಸನ್ಮಾನಪತ್ರ ಮುದ್ರಿಸಿದ್ದು ನನ್ನ ಪ್ರೆಸ್ಸಿನಲ್ಲೇ. "ಮಾನವೀಯತೆಯ ಮೂರ್ತಿ" ಎಂಬ ಸಾಲಿನ ಪ್ರೂಫನ್ನು ನಾನೇ ತಿದ್ದಿದೆ. ಭಾಷಣದಲ್ಲಿ, ಕಾನೂನಿಗಿಂತ ದೊಡ್ಡದು ಮನಸ್ಸು ಎಂದೆ. ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಪೊರ್ಬುಲು ಕೂತಿದ್ದರು, ಅವರೂ ಚಪ್ಪಾಳೆ ತಟ್ಟುತ್ತಿದ್ದರು. ಹೊರಗೆ ಹೋಗುವಾಗ ಎದುರೆದುರು ಸಿಕ್ಕೆವು. ನಾನು ದೊಡ್ಡ ಮನಸ್ಸು ಮಾಡಿ ನಕ್ಕೆ.

ಅವರು ಶಾಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಶಾಲು ಒಳ್ಳೆದುಂಟು" ಎಂದರು. ಸ್ವಲ್ಪ ತಡೆದು, "ಬಾಳಿಕೆ ಬರ್ತದೆ" ಎಂದರು.

ಆಮೇಲೆ ಅವರನ್ನು ಕಂಡದ್ದು ಕಡಿಮೆ. ಫಳ್ನೀರಿನ ಕಡೆ ಹೋದಾಗ ಕೆಲವೊಮ್ಮೆ ಮೆಡಿಕಲ್ ಶಾಪಿನ ಎದುರು ಕಾಣುತ್ತಿದ್ದರು. ನಾನು ಹೇಗಿದ್ದೀರಿ ಎನ್ನುವುದು, ಅವರು ಇವತ್ತಿನ ಮಟ್ಟಿಗೆ ಅಡ್ಡಿಯಿಲ್ಲ ಎನ್ನುವುದು. ಕಳೆದ ತಿಂಗಳು ಒಂದು ಬೆಳಿಗ್ಗೆ ಆ ಮಟ್ಟ ಮುಗಿಯಿತು. ಹೃದಯಾಘಾತ, ಕುರ್ಚಿಯಲ್ಲಿ ಕೂತಲ್ಲೇ.

ಹತ್ತು ದಿನ ಬಿಟ್ಟು ಅವರ ಮಗಳು ಪ್ರೆಸ್ಸಿಗೆ ಬಂದಳು, ಕೈಯಲ್ಲಿ ಬಿಳಿ ಟೇಪಿನ ಫೈಲು. "ಡ್ಯಾಡಿ ಎಲ್ಲರ ಫೈಲೂ ಅವರವರಿಗೆ ಮುಟ್ಟಿಸ್ಲಿಕ್ಕೆ ಹೇಳಿದ್ರು ಅಂಕಲ್. ಬಿಟ್ಟು ಹೋದವರದ್ದು ಕೂಡ." ಹೊಸ ಸಂಹಿತೆಗಳ ಆ ನಾಲ್ಕು ಫೈಲುಗಳ ಬಗ್ಗೆ ಕೇಳಿದೆ. ಕೊನೆಯವರೆಗೂ ಅವುಗಳ ಧೂಳು ಒರೆಸುತ್ತಿದ್ದರು ಎಂದು ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. ಚಹಾ ಕುಡಿದು ಡ್ಯೂಟಿಗೆ ಹೋದಳು.

ಫೈಲಿನಲ್ಲಿ ಮೊದಲ ಹಾಳೆ ಇಪ್ಪತ್ತೆರಡು ಹೆಸರುಗಳದ್ದು, ಪೆನ್ನಿನಲ್ಲಿ. ಲಲಿತಕ್ಕನದು ಹತ್ತೊಂಬತ್ತನೆಯದು, ಎದುರಿಗೆ ಊರು ವಾಮಂಜೂರು, ಹಂಚಿನ ಕಾರ್ಖಾನೆಯ ಆ ಹೆಂಗಸಿನ ಊರೇ. ಮತ್ತೆ ಆದೇಶಗಳು, ಸುತ್ತೋಲೆಗಳು, ಪೆನ್ಸಿಲಿನ ಗುರುತುಗಳು, ಉಜ್ಜಿದ ಕಲೆಗಳು. ಮಗುಚುತ್ತಾ ಹೋದೆ. ಪೂರ್ತಿ ಸಂಬಳದ ಆದೇಶವನ್ನು ಹಿಂದಕ್ಕೆ ಪಡೆದ ಆದೇಶ ಅಲ್ಲಿತ್ತು. ಯಾವುದನ್ನು ಅವರು ನೋಡಲಿಲ್ಲ ಎಂದಿದ್ದರೋ ಅದೇ. ಮೇಲಿನ ಬಲಮೂಲೆಯಲ್ಲಿ ಅವರ ಅಕ್ಷರ: ಆದಿತ್ಯವಾರ, ರಾತ್ರಿ ಎಂಟು ಗಂಟೆ ಹತ್ತು ನಿಮಿಷ. ನಾನು ಫೋನ್ ಮಾಡಿದ ಸೋಮವಾರದ ಹಿಂದಿನ ದಿನ.

ಅದರ ಕೆಳಗೆ ಇನ್ನೊಂದು ಸಾಲು. ಅದೂ ಪೆನ್ನಿನಲ್ಲಿ, ಉಜ್ಜಲು ಬಾರದ ಹಾಗೆ: "ಬಲ್ಮಠ ಪ್ರೆಸ್‌ನವರಿಗೆ ತಿಂಗಳ ಸಂಬಳ ಆದ ಮೇಲೆ ತಿಳಿಸುವುದು."

ಮೊದಲು ಬಂದದ್ದು ಸಿಟ್ಟೇ. ಸುಳ್ಳು ಹೇಳುವುದಿಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ, ನನ್ನ ದುಡ್ಡಿನಲ್ಲಿ ಧರ್ಮ ಮಾಡಲು ಇವರು ಯಾರು ಅನಿಸಿತು. ಆ ಸಿಟ್ಟು ಅರ್ಧ ಗಂಟೆ ಇತ್ತು. ಆಮೇಲೆ ಅವರು ತಮ್ಮದೂ ಒಂದನ್ನು ಕೊಟ್ಟಿದ್ದರು ಎಂಬುದು ತಲೆಗೆ ಹೋಯಿತು. ನಾನು ಕಳೆದುಕೊಂಡದ್ದು ಎರಡು ವಾರದ ಸಂಬಳ, ಅದೂ ಮಳೆಗಾಲ ಮುಗಿಯುವುದರೊಳಗೆ ಕೆಲಸದ ರೂಪದಲ್ಲಿ ವಾಪಸು ಬಂತು, ಮೇಲಿಂದ ಶಾಲು ಬೇರೆ. ಅವರು ಕಳೆದುಕೊಂಡ ಹೆಸರು ವಾಪಸು ಬರಲಿಲ್ಲ. ಮೆಟ್ಟಿಲಲ್ಲಿ ನಾನು ಕೂಗಾಡುವಾಗ ಅವರು ಒಳಗೆ ಹೋಗಿ ಈ ಹಾಳೆ ತಂದು ತೋರಿಸಬಹುದಿತ್ತು. ನನಗೆ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ ಎನ್ನಬಹುದಿತ್ತು. ಹಾಗೆ ಹೇಳಿದರೆ ಲಲಿತಕ್ಕನ ಮುಂದಿನ ಸಂಬಳದಲ್ಲಿ ನಾನು ಅದನ್ನು ಹಿಡಿದುಕೊಳ್ಳುತ್ತೇನೆ, ತಪ್ಪು ತನ್ನದು ಎಂದರೆ ನನ್ನ ಸಿಟ್ಟು ತನ್ನ ಮೇಲೇ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ನನ್ನನ್ನು ಅವರು ಸರಿಯಾಗಿ ಓದಿದ್ದರು, ಕೊನೆಯ ಸಾಲಿನಿಂದ.

ಕಳೆದ ಶನಿವಾರ ಅವರು ತೀರಿ ತಿಂಗಳಾದ ಪೂಜೆ. ಇಗರ್ಜಿಯ ಅಂಗಳದಲ್ಲಿ ಸುಧಾಕರ ಸಿಕ್ಕಿದ.

"ಪಾಪ, ಒಳ್ಳೆ ಮನುಷ್ಯ. ಕೊನೆಕೊನೆಗೆ ಅಪ್‌ಡೇಟ್ ಇರ್ಲಿಲ್ಲ ಅಷ್ಟೆ. ನಿಮಗೇ ಅಲ್ವಾ ಮೊದಲು ಪೆಟ್ಟು ಬಿದ್ದದ್ದು?"

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಅದನ್ನು ಹೇಳಿದರೆ ಶಾಲು ಹೋಗುತ್ತದೆ, ಸನ್ಮಾನಪತ್ರ ಹೋಗುತ್ತದೆ, ಕಾನೂನಿಗಿಂತ ದೊಡ್ಡ ಮನಸ್ಸೂ ಹೋಗುತ್ತದೆ. ನಾನು "ಹ್ಞೂಂ" ಎಂದೆ. ಸುಧಾಕರನಿಗೂ ಅವರು ಒಂದು ಫೈಲು ಬಿಟ್ಟು ಹೋಗಿದ್ದಾರೆ. ಅವನು ಅದರ ಟೇಪು ಬಿಚ್ಚಿದ ಹಾಗೆ ಕಾಣಲಿಲ್ಲ.

ಆದಿತ್ಯವಾರ ಆ ಹಾಳೆಯನ್ನು ಇನ್ನೊಮ್ಮೆ ತೆಗೆದು ಓದಿದೆ. ಸೋಮವಾರ ಪ್ರೆಸ್ಸಿಗೆ ಹೋದವನು ನೇರ ಬೈಂಡಿಂಗಿನ ಕೋಣೆಗೆ ಹೋದೆ. ಲಲಿತಕ್ಕ ಯಾವುದೋ ಶಾಲೆಯ ಡೈರಿಯ ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಚುತ್ತಿದ್ದರು. ಉಳಿದ ಹೆಂಗಸರೂ ಇದ್ದರು. ನಿಂತೇ ಹೇಳಿದೆ. ಆ ಮೇ ತಿಂಗಳಲ್ಲಿ ನಾನು ಅರ್ಧ ಹಿಡಿಯಲು ಹೊರಟಿದ್ದೆ, ಹಿಡಿಯಬಹುದಿತ್ತು, ಹಿಡಿಯದಂತೆ ಮಾಡಿದ್ದು ಪೊರ್ಬುಲು, ಅದನ್ನು ಅವರು ಯಾರಿಗೂ ಹೇಳಲಿಲ್ಲ, ನಾನು ಮಾತ್ರ ಊರಿಗೆಲ್ಲ ಬೇರೆಯೇ ಹೇಳಿದೆ. ಹಾಳೆಯನ್ನೂ ತೋರಿಸಿದೆ.

ಲಲಿತಕ್ಕ ಕೈಯಲ್ಲಿದ್ದ ಫಾರಂ ಮಡಚಿ ಮುಗಿಸಿದರು. ಬೆರಳುಗುರಿನಿಂದ ಮಡಿಕೆಯನ್ನು ಒತ್ತಿದರು.

"ಆ ಫೈಲು ಹಿಡ್ಕೊಂಡು ಬರ್ತಿದ್ದ ಬಿಳಿ ಕೂದಲಿನವರಾ? ಬಂದಾಗೆಲ್ಲ ನಮ್ಮನ್ನು ಹೆಸರು ಹಿಡಿದು ಮಾತಾಡಿಸ್ತಿದ್ರು."

"ಅವರೇ."

"ಹಾಗಾದ್ರೆ ಇಷ್ಟು ವರ್ಷ ನಾವು ತಪ್ಪು ಹೆಸರು ಹೇಳಿ ಊಟ ಮಾಡಿದ್ದಾ ಧಣಿ?"

ನಾನು ಹಾಳೆಯನ್ನು ಅವರ ಮುಂದೆ ಇಟ್ಟೆ.

"ಪೊರ್ಬುಲು ಅಂತ ಎಲ್ಲರನ್ನೂ ಕರೀತೇವೆ" ಎಂದರು ಲಲಿತಕ್ಕ. "ಅವರ ಹೆಸರು ಎಂತದು?"

ಹೇಳಿದೆ. ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ, ಪೂರ್ತಿ.